ಅಕ್ಕನ ಮನೆ ಪಿಯಾನೋ ಮುಂದೆ ಶುರುವಾದ ಬ್ಯಾಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಅಕ್ಕ ತಂಗಿ ಅಣ್ಣ ತಮ್ಮ ಸೇರಿ ಕಟ್ಟಿದ ಬ್ಯಾಂಡುಗಳ ಬಗ್ಗೆ ಬರೆದಾಗ ಕ್ರೈಸ್ತ ಭಕ್ತಿಯ ಹಾಡು ಹಾಡ್ತಿದ್ದ ಅಮೆರಿಕದ ‘ಸೆಕೆಂಡ್ ಚಾಪ್ಟರ್ ಆಫ್ ಆಕ್ಟ್ಸ್’ ಬ್ಯಾಂಡಿನ ಹೆಸರನ್ನ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ, ಅದಕ್ಕೇ ಇಷ್ಟೊಂದು ಪ್ರಶ್ನೆ ಬಂದಿವೆ. ಸರಿ, ಈ ಸಲ ಪುಟ ಪೂರ್ತಿ ಅವರಿಗೇ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ನಿಮ್ಮದೇ ಮಾತು ಸಿಗಲಿಲ್ಲ ಅಂತ ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ಯಾರು ಇವರು? ಒಂದು ಕುಟುಂಬ ಅಂದ್ರಿ, ಅಪ್ಪ ಅಮ್ಮನೂ ಹಾಡ್ತಿದ್ರಾ? ಶುರುವಾಗಿದ್ದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಹಾಡ್ತಿದ್ದೋರು ಮೂರೇ ಜನ. ಆ್ಯನಿ, ನೆಲ್ಲಿ ಇಬ್ಬರೂ ಹೆಣ್ಮಕ್ಕಳು, ಮ್ಯಾಥ್ಯೂ ಎಲ್ಲರಿಗಿಂತ ಚಿಕ್ಕೋನು. ವಾರ್ಡ್ ಅನ್ನೋ ದೊಡ್ಡ ಕುಟುಂಬದ ಮಕ್ಕಳು, ಮೂಲ ಉತ್ತರದ ನಾರ್ತ್ ಡಕೋಟಾ ರಾಜ್ಯ, ಆಮೇಲೆ ಕ್ಯಾಲಿಫೋರ್ನಿಯಾಗೆ ಬಂದ್ರು. ಅಪ್ಪ ಅಮ್ಮ ಬ್ಯಾಂಡಲ್ಲಿ ಇರಲಿಲ್ಲ, ಇರೋಕೆ ಅವರು ಬದುಕಿರಲೇ ಇಲ್ಲ. 1968ರಲ್ಲಿ ತಾಯಿ ಬ್ರೇನ್ ಟ್ಯೂಮರ್ ಆಗಿ ತೀರಿಕೊಂಡ್ರು, ಎರಡು ವರ್ಷಕ್ಕೆ, 1970ರಲ್ಲಿ, ತಂದೆ ಲುಕೀಮಿಯಾದಿಂದ ಹೋದ್ರು. ಆಗ ನೆಲ್ಲಿಗೆ 14, ಮ್ಯಾಥ್ಯೂಗೆ 12. ದೊಡ್ಡಕ್ಕ ಆ್ಯನಿ ಅಷ್ಟೊತ್ತಿಗೆ ಮದುವೆಯಾಗಿ ಲಾಸ್ ಏಂಜಲೀಸಲ್ಲಿ ಸಂಸಾರ ಹೂಡಿದ್ಲು, ಗಂಡ ಬಕ್ ಹೆರಿಂಗ್, ರೆಕಾರ್ಡಿಂಗ್ ಇಂಜಿನಿಯರ್. ಎರಡು ಮಕ್ಕಳೂ ಅಕ್ಕನ ಮನೆ ಸೇರಿದ್ರು. 

ಈಗ ಇದರಲ್ಲಿ ಎಲ್ಲರೂ ಹೇಳೋ ಕಥೆ ಒಂದಿದೆ, ದುಃಖ ಬಂತು, ದುಃಖದಿಂದ ಹಾಡು ಹುಟ್ತು, ಹಾಡಿಂದ ಬ್ಯಾಂಡು ಹುಟ್ತು ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಅಪ್ಪ ಅಮ್ಮನ್ನ ಕಳ್ಕೊಂಡ ಮಕ್ಕಳೆಲ್ಲಾ ಬ್ಯಾಂಡ್ ಕಟ್ಟಲ್ಲ ನೋಡಿ. ನನಗೆ ಮುಖ್ಯ ಅನ್ಸೋದು ಬೇರೆ. ಆ್ಯನಿ ಹಾಡುಗಾರ್ತಿ ಆಗ್ಬೇಕು ಅಂತ್ಲೇ ಲಾಸ್ ಏಂಜಲೀಸ್‌ಗೆ ಬಂದಿದ್ದೋಳು, ಆದ್ರೆ ಆ ಹೊತ್ತಿಗೆ ನಂಬಿಕೆಯ ದಾರಿ ಹಿಡಿದು ಆ ಹಳೇ ಕನಸನ್ನ ಪಕ್ಕಕ್ಕಿಟ್ಟಿದ್ಲು. ಪಿಯಾನೋ ಕ್ಲಾಸಿಗೆ ಹೋಗಿ ಕಲಿತೋಳಲ್ಲ, ಕೈಗೆ ಸಿಕ್ಕ ಸ್ವರ ಹಿಡಿದು ತನ್ನ ಪಾಡಿಗೆ ತಾನು ಹಾಡು ಕಟ್ತಿದ್ಲು, ಮನೇಲಿ ಇದ್ದ ತಂಗಿ ತಮ್ಮ ಬಂದು ಪಕ್ಕದಲ್ಲಿ ನಿಂತು ಮೇಲೊಂದು ಕೆಳಗೊಂದು ದನಿ ಸೇರಿಸ್ತಿದ್ರು. ಬ್ಯಾಂಡ್ ಮಾಡೋಣ ಅಂತ ಯಾರೂ ಕೂತು ಮಾತಾಡಿರಲಿಲ್ಲ, ಆಡಿಷನ್ ಇಲ್ಲ, ಮ್ಯಾನೇಜರ್ ಇಲ್ಲ, ಕೇಳೋರೂ ಇಲ್ಲ. ಕೇಳೋಕೆ ಯಾರೂ ಇಲ್ದೆ ಇದ್ದಾಗ್ಲೂ ಹಾಡ್ತಾ ಹೋದ್ರಲ್ಲ, ಮುಂದೆ ರೆಕಾರ್ಡಲ್ಲಿ ನಾವು ಕೇಳೋ ಆ ಹಿಡಿತ ಬಂದಿದ್ದು ಅಲ್ಲಿಂದ. ದುಃಖ ಅವರನ್ನ ಒಂದು ಮನೆಗೆ ತಂತು, ಅಷ್ಟೇ, ಉಳಿದಿದ್ದು ಅಭ್ಯಾಸ.

ಪ್ರಶ್ನೆ: ಬ್ಯಾಂಡಿಗೆ ಇದೆಂಥಾ ಹೆಸರು, ಪುಸ್ತಕದ ಪರಿವಿಡಿ ಥರ ಇದೆಯಲ್ಲ?

ಉತ್ತರ: ಬೈಬಲಿನ ಹೊಸ ಒಡಂಬಡಿಕೇಲಿ ‘ಅಪೊಸ್ತಲರ ಕೃತ್ಯಗಳು’ ಅಂತ ಒಂದು ಪುಸ್ತಕ ಇದೆ, ಅದರ 2ನೇ ಅಧ್ಯಾಯ. ಶಿಷ್ಯರೆಲ್ಲಾ ಒಂದು ಮನೇಲಿ ಸೇರಿದ್ದಾಗ ಪವಿತ್ರಾತ್ಮ ಇಳಿದು ಬರೋ ಪೆಂಟೆಕೋಸ್ಟ್ ಪ್ರಸಂಗ ಅಲ್ಲಿದೆ. ಆ ಕಾಲದ ಯುವ ಕ್ರೈಸ್ತರಿಗೆ ಅದು ಬಹಳ ಪ್ರೀತಿಯ ಅಧ್ಯಾಯ. ಮೊದಲ ಎಲ್‌ಪಿಗೆ ‘ವಿತ್ ಫುಟ್‌ನೋಟ್ಸ್’ ಅಂತ ಹೆಸರಿಟ್ರು, ಅಧ್ಯಾಯ ಅಂದ್ಮೇಲೆ ಅಡಿಟಿಪ್ಪಣಿ ಬೇಕಲ್ಲ! ಎರಡನೇದು ‘ಇನ್ ದ ವಾಲ್ಯೂಮ್ ಆಫ್ ದ ಬುಕ್’. ಪುಸ್ತಕದ ತಮಾಷೆ ಬಿಡಲೇ ಇಲ್ಲ.

ಪ್ರಶ್ನೆ: ಒಡಹುಟ್ಟಿದೋರ ದನಿ ಬೇರೆಯೋರಿಗಿಂತ ಚೆನ್ನಾಗಿ ಬೆರೆಯುತ್ತೆ ಅಂತೀರಲ್ಲ, ಇದು ನಿಜಾನಾ ಇಲ್ಲ ಸ್ಟುಡಿಯೋ ಕರಾಮತ್ತಾ? ನಮ್ಮನೇಲಿ ನಾನು ನನ್ನ ತಂಗಿ ಒಟ್ಟಿಗೆ ಹಾಡಿದ್ರೆ ಅಕ್ಕಪಕ್ಕದೋರು ಕಿಟಕಿ ಹಾಕ್ಕೋತಾರೆ.

ಉತ್ತರ: ಕಿಟಕಿ ಹಾಕ್ಕೊಳ್ಳೋದಕ್ಕೆ ಬೇರೆ ಕಾರಣ ಇರಬಹುದು, ಅದು ನನ್ನ ಅಂಕಣದ ವ್ಯಾಪ್ತಿಗೆ ಬರಲ್ಲ. ಆದ್ರೆ ಪ್ರಶ್ನೆ ಒಳ್ಳೇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೂರು ಜನ ಒಟ್ಟಿಗೆ ಹಾಡುವಾಗ ಸ್ವರ ಸರಿಯಾಗಿ ಹಿಡಿದ್ರೆ ಸಾಕು ಅಂತ ನಾವು ಅಂದ್ಕೋತೀವಿ, ಸಾಕಾಗಲ್ಲ. ‘ಆ’ ಅನ್ನೋ ಒಂದು ಅಕ್ಷರವನ್ನೇ ಒಬ್ಬರು ಬಾಯಿ ಅಗಲಿಸಿ ಹೇಳ್ತಾರೆ, ಇನ್ನೊಬ್ಬರು ಗಂಟಲ ಹಿಂದಿನಿಂದ ಹೇಳ್ತಾರೆ, ಸ್ವರ ಒಂದೇ ಇದ್ರೂ ಕಿವಿಗೆ ಎರಡು ಬೇರೆ ಬೇರೆ ದನಿ ಅಂತ ಗೊತ್ತಾಗುತ್ತೆ. ಒಡಹುಟ್ಟಿದೋರ ಗಂಟಲು, ಬಾಯಿ, ಮೂಗಿನ ರಚನೇಲೇ ಹೋಲಿಕೆ ಇರುತ್ತೆ, ಅದರ ಜೊತೆ ಒಂದೇ ಮನೇಲಿ ಮಾತು ಕಲಿತಿರ್ತಾರೆ, ಹಾಗಾಗಿ ಅಕ್ಷರ ಎಲ್ಲಿ ಶುರು ಮಾಡ್ಬೇಕು, ಎಲ್ಲಿ ಮುಚ್ಚಬೇಕು, ಉಸಿರು ಎಲ್ಲಿ ತಗೋಬೇಕು ಅನ್ನೋದು ಯಾರೂ ಹೇಳಿಕೊಡದೆ ಒಂದೇ ಥರ ಬರುತ್ತೆ. ಎವರ್ಲಿ ಬ್ರದರ್ಸ್, ಬೀ ಜೀಸ್ ಇವರೆಲ್ಲರ ಗುಟ್ಟೂ ಇದೇ. ಹೊರಗಿನ ಮೂರು ಜನ ಇದನ್ನ ಸಾಧಿಸೋಕಾಗಲ್ಲ ಅಂತಲ್ಲ, ಖಂಡಿತಾ ಆಗುತ್ತೆ, ಆದ್ರೆ ವರ್ಷಗಟ್ಟಲೆ ಬೇಕು.

ವಾರ್ಡ್ ಮಕ್ಕಳಲ್ಲಿ ಇನ್ನೊಂದು ವಿಶೇಷ ಇದೆ. ಗಂಡುಮಕ್ಕಳಿಗೆ ದನಿ ಒಡೆಯೋ ವಯಸ್ಸು ಹನ್ನೆರಡರಿಂದ ಹದಿನಾರು, ಮ್ಯಾಥ್ಯೂ ಅಕ್ಕಂದಿರ ಜೊತೆ ಹಾಡೋಕೆ ನಿಂತಿದ್ದು ಸರಿಯಾಗಿ ಆ ವಯಸ್ಸಲ್ಲೇ. ದನಿ ಒಡೆದ ಮೇಲೂ ಅವನದು ಕೆಳಗೆ ಇಳಿದು ಕೂರಲಿಲ್ಲ, ಟೆನರ್ ಅಂತಾರಲ್ಲ, ಗಂಡಸರ ಆ ಎತ್ತರದ ದನಿಯಾಗಿ ಉಳೀತು, ಹಾಗಾಗಿ ಅಕ್ಕಂದಿರ ದನಿ ಓಡಾಡೋ ಜಾಗದಲ್ಲೇ ಇವನೂ ಓಡಾಡ್ತಾನೆ. ಸಾಮಾನ್ಯವಾಗಿ ಗಂಡು ಹೆಣ್ಣು ಸೇರಿದ ಗುಂಪಲ್ಲಿ ಕೆಳಗೆ ಒಂದು ಭಾರದ ದನಿ, ಮೇಲೆ ಒಂದು ತೆಳು ದನಿ, ಮಧ್ಯೆ ಖಾಲಿ ಇರುತ್ತೆ. ಇಲ್ಲಿ ಮೂರೂ ಒತ್ತೊತ್ತಾಗಿ ಹೆಣೆದ ಜಡೆ ಥರ, ಯಾವ ಎಳೆ ಯಾರದ್ದು ಅಂತ ಹುಡುಕೋಕೆ ಹೋದ್ರೆ ಕೆಲವು ಕಡೆ ಸೋತೋಗ್ತೀರಿ, ಮ್ಯಾಥ್ಯೂ ಅಂದ್ಕೊಂಡಿದ್ದು ನೆಲ್ಲಿ ಆಗಿರುತ್ತೆ.

ಸ್ಟುಡಿಯೋ ಕರಾಮತ್ತು ಇರಲಿಲ್ಲ ಅಂತ ಹೇಳಲ್ಲ. ಆಗ ಮಲ್ಟಿಟ್ರ್ಯಾಕ್ ಟೇಪ್ ಬಂದಾಗಿತ್ತು, ಒಂದು ದನಿ ಮೇಲೆ ಅದೇ ದನೀನ ಇನ್ನೊಂದ್ಸಲ ರೆಕಾರ್ಡ್ ಮಾಡಿ ದಪ್ಪ ಮಾಡೋದು ಎಲ್ಲಾ ಕಡೆ ನಡೀತಿತ್ತು. ಅನುಮಾನ ಇದ್ರೆ 1975ರ ‘ಟು ದ ಬ್ರೈಡ್’ ಕೇಳಿ, ಅದು ಲೈವ್ ಆಲ್ಬಮ್, ಜನರ ಮುಂದೆ ನಿಂತು ಹಾಡಿದ್ದು. ಅಲ್ಲೂ ಆ ಹೆಣಿಗೆ ಹಾಗೇ ನಿಂತಿದೆ.

ಪ್ರಶ್ನೆ: ಪ್ಯಾಟ್ ಬೂನ್ ಇವರನ್ನ ಬೆಳಕಿಗೆ ತಂದ್ರಂತೆ ಹೌದಾ? ಹಾಗಿದ್ರೆ ದೊಡ್ಡೋರ ಶಿಫಾರಸು ಅನ್ನಿ.

ಉತ್ತರ: ಶಿಫಾರಸು ಇತ್ತು, ಆದ್ರೆ ಅದು ಕೆಲಸ ಮಾಡಲಿಲ್ಲ, ಅದೇ ಇದರ ಮಜಾ. ಪ್ಯಾಟ್ ಬೂನ್ ಅಂದ್ರೆ 1950ರ ದಶಕದಲ್ಲಿ ಎಲ್ವಿಸ್ ಜೊತೆ ಪೈಪೋಟಿಗೆ ಬೀಳ್ತಿದ್ದ ಗಾಯಕ, ಬಿಳಿ ಶೂ ಹಾಕ್ಕೊಂಡ ಒಳ್ಳೇ ಹುಡುಗ ಅಂತ ಹೆಸರು. ಅವರು ಈ ಮೂವರ ಹಾಡು ಕೇಳಿ ಮೆಚ್ಚಿ ಎಂಜಿಎಂ ರೆಕಾರ್ಡ್ಸ್ ಕಂಪನಿ ಹತ್ರ ಕರ್ಕೊಂಡು ಹೋದ್ರು. ಎಂಜಿಎಂಗೆ ಆಗ ಮೈಕ್ ಕರ್ಬ್ ಅನ್ನೋ ಇಪ್ಪತ್ತು ಚಿಲ್ಲರೆ ವಯಸ್ಸಿನ ಬಾಸ್, ಡ್ರಗ್ಸ್‌ಗೆ ಕುಮ್ಮಕ್ಕು ಕೊಡ್ತಾರೆ ಅಂತ 1970ರಲ್ಲಿ ಒಂದಷ್ಟು ಕಲಾವಿದರನ್ನ ಲೇಬಲ್ಲಿಂದ ಹೊರಗೆ ಹಾಕಿ ಸುದ್ದಿ ಮಾಡಿದ್ದೋನು, ಅಂಥಾ ಜಾಗಕ್ಕೆ ಇಂಥಾ ಮಕ್ಕಳು ಹೇಳಿ ಮಾಡಿಸಿದ ಹಾಗೆ ಅಂತ ಯಾರಿಗಾದ್ರೂ ಅನ್ಸುತ್ತೆ. ಎರಡು ಸಿಂಗಲ್ ಬಂತು. ದೊಡ್ಡದೇನೂ ಆಗಲಿಲ್ಲ. 1972ರಲ್ಲಿ ಎಂಜಿಎಂ ರೆಕಾರ್ಡ್ಸೇ ಪಾಲಿಗ್ರಾಮ್ ಅನ್ನೋ ಇನ್ನೊಂದು ಕಂಪನಿ ಕೈ ಸೇರ್ತು.

ನಿಜವಾಗ್ಲೂ ಬಾಗಿಲು ತೆಗೆದಿದ್ದು ಬ್ಯಾರಿ ಮೆಗೈರ್. 1965ರಲ್ಲಿ ‘ಈವ್ ಆಫ್ ಡಿಸ್ಟ್ರಕ್ಷನ್’ ಅನ್ನೋ ಪ್ರತಿಭಟನೆಯ ಹಾಡಿಂದ ಅಮೆರಿಕದ ಚಾರ್ಟಲ್ಲಿ ನಂಬರ್ ಒನ್ ಆದ ಗೊಗ್ಗರು ದನಿಯ ಗಾಯಕ, ಆಮೇಲೆ ಬ್ರಾಡ್‌ವೇಲಿ ‘ಹೇರ್’ ನಾಟಕದಲ್ಲೂ ಮಾಡಿದ್ರು, ಹಿಪ್ಪಿ ಬದುಕು ಬದುಕಿ ಸಾಕಾಗಿ 1971ರ ಹೊತ್ತಿಗೆ ಕ್ರಿಸ್ತನ ದಾರಿಗೆ ಬಂದ್ರು. 1973ರಲ್ಲಿ ಅವರ ‘ಸೀಡ್ಸ್’ ಆಲ್ಬಮ್ಮಿಗೆ ಪ್ರೊಡ್ಯೂಸರ್ ನಮ್ಮ ಬಕ್ ಹೆರಿಂಗ್, ಹಿಂದೆ ನಿಂತು ಹಾಡಿದ್ದು ಹೆಂಡತಿ, ನಾದಿನಿ, ಬಾಮೈದ. ಆ ಗೊಗ್ಗರು ದನಿ ಹಿಂದೆ ಈ ಮೂರು ಎಳೇ ದನಿ, ಕೇಳಿದೋರೆಲ್ಲಾ ಹಿಂದೆ ಹಾಡ್ತಿರೋರು ಯಾರು ಅಂತ ಕೇಳೋಕೆ ಶುರು ಮಾಡಿದ್ರು ಅಂತ ಕಾಣುತ್ತೆ, ಯಾಕಂದ್ರೆ ಮುಂದಿನ ವರ್ಷವೇ ಅದೇ ಲೇಬಲ್ಲಲ್ಲಿ ಈ ಮೂವರದೇ ಎಲ್‌ಪಿ ಬಂತು. ಮೆಗೈರ್ ಜೊತೆ ಊರೂರು ಸುತ್ತಿದ್ದೂ ಆಗ್ಲೇ. ‘ಟು ದ ಬ್ರೈಡ್’ ಕೂಡ ಅವರ ಜೊತೆ ಸೇರಿ ಮಾಡಿದ ಡಬಲ್ ಆಲ್ಬಮ್ಮು, ವಾದ್ಯಕ್ಕೆ ‘ಎ ಬ್ಯಾಂಡ್ ಕಾಲ್ಡ್ ಡೇವಿಡ್’ ಅನ್ನೋ ತಂಡ.

ಪ್ರಶ್ನೆ: ಗಿಟಾರ್ ಡ್ರಮ್ಸ್ ಇಟ್ಕೊಂಡು ದೇವರ ಹಾಡು ಹಾಡಿದ್ರೆ ಆಗ ಚರ್ಚಿನೋರು ಸುಮ್ನಿದ್ರಾ?

ಉತ್ತರ: ಸುಮ್ನಿರಲಿಲ್ಲ, ಬೈದೋರು ಬಹಳ ಜನ. ಆದ್ರೆ ಕಾಲ ಹೇಗಿತ್ತು ನೋಡಿ. 1960ರ ದಶಕ ಮುಗೀತಿದ್ದ ಹಾಗೆ ಕ್ಯಾಲಿಫೋರ್ನಿಯಾದ ಹಿಪ್ಪಿ ಹುಡುಗರಲ್ಲಿ ಸಾವಿರಾರು ಜನ ಬೈಬಲ್ ಹಿಡಿದ್ರು, ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ಲಲ್ಲಿ ಚಕ್ ಸ್ಮಿತ್ ಅನ್ನೋ ಪಾಸ್ಟರ್ ಬರಿಗಾಲಲ್ಲಿ ಬಂದೋರನ್ನೂ ಒಳಗೆ ಕೂರಿಸಿದ್ರು, 1971ರ ಜೂನಲ್ಲಿ ‘ಟೈಮ್’ ಪತ್ರಿಕೆ ಮುಖಪುಟಕ್ಕೇ ‘ಜೀಸಸ್ ರೆವಲ್ಯೂಷನ್’ ಬಂತು, ಮಾರನೇ ವರ್ಷ ಡಲ್ಲಾಸಲ್ಲಿ ‘ಎಕ್ಸ್‌ಪ್ಲೋ 72’ ಅಂತ ದೊಡ್ಡ ಯುವ ಸಮಾವೇಶ ಆಯ್ತು. ಆ ಹುಡುಗರಿಗೆ ಆರ್ಗನ್ ಜೊತೆ ಹಾಡೋ ಹಳೇ ಕೀರ್ತನೆ ಹತ್ತಿರ ಅನ್ಸಲಿಲ್ಲ, ತಮಗೆ ಗೊತ್ತಿದ್ದ ರಾಕು, ಫೋಕು ಅದರಲ್ಲೇ ಹಾಡು ಕಟ್ಟಿದ್ರು. ಆಗ ಅದನ್ನ ‘ಜೀಸಸ್ ಮ್ಯೂಸಿಕ್’ ಅಂತಿದ್ರು, ಕಂಟೆಂಪರರಿ ಕ್ರಿಶ್ಚಿಯನ್ ಮ್ಯೂಸಿಕ್ ಅನ್ನೋ ಉದ್ದದ ಹೆಸರು ಚಾಲ್ತಿಗೆ ಬಂದಿದ್ದು ಸ್ವಲ್ಪ ಆಮೇಲೆ. 

ಇನ್ನೊಂದು ಗಮನಿಸಬೇಕಾದ್ದು, ಕುಟುಂಬ ಸಮೇತ ಹಾಡೋದು ಅಮೆರಿಕದ ಕ್ರೈಸ್ತರಿಗೆ ಹೊಸದಲ್ಲ. ದಕ್ಷಿಣದ ರಾಜ್ಯಗಳ ಸದರ್ನ್ ಗಾಸ್ಪೆಲ್ ಸಂಪ್ರದಾಯದಲ್ಲಿ ಸ್ಪಿಯರ್ ಫ್ಯಾಮಿಲಿ 1921ರಿಂದ ಹಾಡ್ತಿತ್ತು, ರ‍್ಯಾಂಬೋ ಕುಟುಂಬದಲ್ಲಿ ಗಂಡ ಹೆಂಡತಿ ಮಗಳು ಮೂವರೂ ವೇದಿಕೆ ಮೇಲಿದ್ರು (ಅಲ್ಲೂ ಗಂಡನ ಹೆಸರು ಬಕ್, ಈ ಹೆಸರಲ್ಲೇ ಏನೋ ಇದೆ). ಅವರಿಗೆ ಅದು ಮನೆತನದ ಕಸುಬು, ಅಪ್ಪನಿಂದ ಮಕ್ಕಳಿಗೆ ಬಂದಿದ್ದು. ವಾರ್ಡ್ ಮಕ್ಕಳಿಗೆ ಅಂಥಾ ಹಿನ್ನೆಲೆ ಏನೂ ಇರಲಿಲ್ಲ, ಮ್ಯಾಥ್ಯೂಗೆ ಗುರು ಅಂದ್ರೆ ಸೋಲ್ ಗಾಯಕ ಸ್ಟೀವಿ ವಂಡರ್ ರೆಕಾರ್ಡುಗಳು. ಅದಕ್ಕೇ ಅವನ ಹಾಡಲ್ಲಿ ಸೋಲ್ ಅನ್ನೋ ಆ ಕಪ್ಪು ಅಮೆರಿಕನ್ನರ ಸಂಗೀತದ ಓಟ ಕೇಳ್ಸುತ್ತೆ.

ಪ್ರಶ್ನೆ: ‘ಈಸ್ಟರ್ ಸಾಂಗ್’ ಕೀತ್ ಗ್ರೀನ್ ಅವರದ್ದಲ್ವಾ? ನೀವು ಇವರ ಲೆಕ್ಕಕ್ಕೆ ಬರೆದಿದೀರಿ, ತಿದ್ದಿಕೊಳ್ಳಿ.

ಉತ್ತರ: ತಿದ್ದಿಕೊಳ್ಳೋ ಹಾಗಿಲ್ಲ, ಕ್ಷಮಿಸಿ. ಕೀತ್ ಗ್ರೀನ್ ಕೂಡ ಅದೇ ಕಾಲದ ಕ್ರೈಸ್ತ ಗಾಯಕ, ಅವರು ಇದನ್ನ ಹಾಡಿದ್ದು 1977ರ ತಮ್ಮ ಮೊದಲ ಸೋಲೋ ಆಲ್ಬಮ್ ‘ಫಾರ್ ಹಿಮ್ ಹೂ ಹ್ಯಾಸ್ ಇಯರ್ಸ್ ಟು ಹಿಯರ್’ನಲ್ಲಿ. ಆ್ಯನಿ ಬರೆದು ಮೂವರೂ ಹಾಡಿದ್ದು 1974ರ ‘ವಿತ್ ಫುಟ್‌ನೋಟ್ಸ್’ನಲ್ಲಿ, ಮೂರು ವರ್ಷ ಮೊದಲೇ. ಗ್ರೀನ್ ಅದನ್ನ ಎಷ್ಟು ಜೋರಾಗಿ ತನ್ನದು ಮಾಡ್ಕೊಂಡ್ರು ಅಂದ್ರೆ ನಿಮ್ಮ ಹಾಗೆ ಅಂದ್ಕೊಂಡೋರು ಬಹಳ ಜನ ಇದಾರೆ. ಎರಡರಲ್ಲೂ ಪಿಯಾನೋನೇ ಕುದುರೆ ಥರ ಮುಂದೆ ಓಡುತ್ತೆ. ಆದ್ರೆ ಗ್ರೀನ್ ಹಾಡಿದ್ರೆ ಒಬ್ಬ ಮನುಷ್ಯ ಬೀದೀಲಿ ಓಡ್ತಾ ಯೇಸು ಎದ್ದು ಬಂದ ಸುದ್ದಿ ಕೂಗಿ ಹೇಳೋದು ಕೇಳ್ಸುತ್ತೆ, ಈ ಮೂವರು ಹಾಡಿದ್ರೆ ಸುದ್ದಿ ಎಲ್ಲಾ ಕಡೆಯಿಂದ ಒಟ್ಟಿಗೇ ಬರುತ್ತೆ. ನನ್ನ ಓಟು ಮೂಲಕ್ಕೇ. ಮೂರು ನಿಮಿಷ ಕೂಡ ಇಲ್ಲದ ಹಾಡು, ಕೊನೇಲಿ ದನಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗ್ತವಲ್ಲ, ಅದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ನೆಲ್ಲಿ ದನಿ ಮಧ್ಯದಲ್ಲಿ ಅಲುಗಾಡದೆ ನಿಂತಿರೋದು ಆಗ ಗೊತ್ತಾಗುತ್ತೆ. ಆ್ಯನಿ ಬರೆದ್ಲು ಅಂತ ಹೆಸರು, ಮ್ಯಾಥ್ಯೂ ದನಿಗೆ ಹೊಗಳಿಕೆ, ನಡುವೆ ಇದ್ದ ನೆಲ್ಲೀನ ಯಾರೂ ಮಾತಾಡಿಸಲ್ಲ. ನಡುವಿನ ದನಿ ಹಾಡೋರ ಹಣೆಬರಹವೇ ಅಷ್ಟು, ಅದು ಇಲ್ಲದಿದ್ದಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ.

ಪ್ರಶ್ನೆ: ಅಕ್ಕನ ಗಂಡನೇ ಪ್ರೊಡ್ಯೂಸರ್, ಅವರ ಮನೇಲೇ ವಾಸ. ಇಂಥಾ ಕಡೆ ಜಗಳ ಆಗದೇ ಇರುತ್ತಾ? ನಾನು ಭಾವನ ಅಂಗಡೀಲಿ ಕೆಲಸ ಮಾಡಿ ಬಿಟ್ಟು ಬಂದೋನು, ಅದಕ್ಕೇ ಕೇಳ್ತಿದೀನಿ.

ಉತ್ತರ: ನಿಮ್ಮ ಅನುಭವ ನನಗೆ ಅರ್ಥ ಆಗುತ್ತೆ. ಯೋಚನೆ ಮಾಡಿ, ಹದಿನಾಲ್ಕು ಹದಿನೈದರ ಹುಡುಗನಿಗೆ ಬಕ್ ಅಂದ್ರೆ ಯಾರು? ಭಾವ, ಪೋಷಕ, ಪ್ರೊಡ್ಯೂಸರ್, ರೆಕಾರ್ಡಿಂಗ್ ಇಂಜಿನಿಯರ್, ನಾಲ್ಕೂ ಒಬ್ಬರೇ. ಟೇಕ್ ಸರಿಯಿಲ್ಲ ಇನ್ನೊಂದ್ಸಲ ಹಾಡು ಅಂದೋರ ಜೊತೇಲೇ ರಾತ್ರಿ ಊಟಕ್ಕೆ ಕೂರಬೇಕು. ಬೇರೆ ಬ್ಯಾಂಡಲ್ಲಿ ಸಿಟ್ಟು ಬಂದ್ರೆ ಮನೆಗೆ ಹೋಗ್ಬಹುದು, ಇಲ್ಲಿ ಮನೆಯೇ ಬ್ಯಾಂಡು.

ಹಾಗಂತ ಲಾಭ ಕಡಿಮೆ ಅಲ್ಲ. ಹೊರಗಿನ ಪ್ರೊಡ್ಯೂಸರ್ ಸಿಕ್ಕಿದ್ರೆ ಏನಾಗ್ತಿತ್ತು ಅಂತ ನನ್ನ ಊಹೆ ಹೇಳ್ತೀನಿ, ಹದಿನಾರರ ಚೆಂದದ ಹುಡುಗ, ಸೋಲ್ ಥರ ಹಾಡ್ತಾನೆ, ಅವನೊಬ್ಬನನ್ನ ಮುಂದೆ ನಿಲ್ಸಿ ಅಕ್ಕಂದಿರನ್ನ ಹಿಂದೆ ತಳ್ಳಿರೋರು. ಆ ಕಾಲದಲ್ಲಿ ಆಸ್ಮಂಡ್ಸ್, ಜಾಕ್ಸನ್ ಫೈವ್ ಅನ್ನೋ ಅಣ್ಣ ತಮ್ಮಂದಿರ ಬ್ಯಾಂಡು ಎರಡರಲ್ಲೂ ಚಿಕ್ಕ ಹುಡುಗನೇ ಪೋಸ್ಟರ್ ಮುಖ ಆಗಿದ್ದು ನೆನಪಿರಬಹುದು. ಬಕ್ ಹಾಗೆ ಮಾಡಲಿಲ್ಲ. ಮ್ಯಾಥ್ಯೂನ ಸೋಲೋ ಆಲ್ಬಮ್ ‘ಟುವರ್ಡ್ ಎಟರ್ನಿಟಿ’ ಬಂದಿದ್ದು 1979ರಲ್ಲಿ, ಅಷ್ಟೊತ್ತಿಗೆ ಅವನಿಗೆ ಇಪ್ಪತ್ತು ದಾಟಿತ್ತು. ಹಾಡು ಆರಿಸೋದ್ರಲ್ಲಿ, ದನಿ ಕೂಡಿಸೋದ್ರಲ್ಲಿ ಮನೇಲಿ ಇದ್ದ ರೀತಿಯನ್ನೇ ಟೇಪಿಗೆ ಇಳಿಸಿದ್ರು. 1988ರವರೆಗೆ ಅದೇ ಮೂವರು, ಒಬ್ಬರೂ ಬದಲಾಗದೆ ಹಾಡಿದ್ರು. ಕುಟುಂಬದ ಬ್ಯಾಂಡು ಅಂದ್ರೆ ಇಷ್ಟು ವರ್ಷ ಒಟ್ಟಿಗೆ ಇರೋದೇ ಕಷ್ಟ, ಯಾರನ್ನ ಬೇಕಾದ್ರೂ ಕೇಳಿ.

ಪ್ರಶ್ನೆ: ಅಷ್ಟು ಒಳ್ಳೇ ಹಾಡುಗಾರರಾದ್ರೆ ಸಾಮಾನ್ಯ ಜನಕ್ಕೆ ಯಾಕೆ ಗೊತ್ತಿಲ್ಲ? ಎಲ್ಲೂ ಹೆಸರೇ ಕೇಳಿಲ್ಲ.

ಉತ್ತರ: ಮಾರಾಟದ ದಾರಿ ಬೇರೆ ಇತ್ತು. ಇವರ ಲೇಬಲ್ ‘ಮರ್’, ಟೆಕ್ಸಾಸಿನ ವೇಕೋ ಊರಿನ ‘ವರ್ಡ್’ ಕಂಪನಿಯ ಒಂದು ಭಾಗ, ಈ ಹೊಸ ಥರದ ಹಾಡಿಗೆ ಅಂತ್ಲೇ ಬಿಲ್ಲಿ ರೇ ಹರ್ನ್ ಅನ್ನೋರು 1972ರಲ್ಲಿ ಶುರು ಮಾಡಿದ್ದು. ಇಂಥಾ ಲೇಬಲ್‌ಗಳ ಎಲ್‌ಪಿಗಳು ಹೆಚ್ಚಾಗಿ ಸಿಗ್ತಿದ್ದಿದ್ದು ಕ್ರೈಸ್ತ ಪುಸ್ತಕದ ಅಂಗಡೀಲಿ, ಬೈಬಲ್ ಪಕ್ಕದ ಶೆಲ್ಫಲ್ಲಿ. ರಾಕ್ ಕೇಳೋ ಹುಡುಗ ಆ ಅಂಗಡಿ ಒಳಗೆ ಕಾಲಿಡಲ್ಲ. ಹೊರಗಿನ ರೇಡಿಯೋ ಸ್ಟೇಷನ್‌ಗೆ ಇದು ತೀರಾ ಧಾರ್ಮಿಕ ಆಯ್ತು, ಹಳೇ ಗಾಸ್ಪೆಲ್ ಸ್ಟೇಷನ್‌ಗೆ ಇದು ತೀರಾ ರಾಕ್ ಆಯ್ತು. ಈ ಸಂದೀಲಿ ಸಿಕ್ಕಿಕೊಂಡೋರು ಇವರೊಬ್ಬರೇ ಅಲ್ಲ, ಆ ಪೀಳಿಗೆಯ ಮುಕ್ಕಾಲು ಜನ. ಎಂಜಿಎಂ ಕೈ ಹಿಡಿದಿದ್ರೆ ಕಥೆ ಬೇರೆ ಆಗ್ತಿತ್ತೇನೋ, ಆದ್ರೆ ಹಾಡೂ ಬೇರೆ ಆಗ್ತಿತ್ತು.

ಪ್ರಶ್ನೆ: ನಾನು ಕ್ರೈಸ್ತಳಲ್ಲ, ಬರೀ ಸಂಗೀತಕ್ಕಾಗಿ ಕೇಳಬಹುದಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಕೇಳೋಕೆ ಯಾರ ಪರ್ಮಿಷನ್ನೂ ಬೇಡ ಮೇಡಂ. ಮಾತು ಪೂರ್ತಿ ಭಕ್ತಿಯದ್ದೇ, ಅದನ್ನ ಬಿಟ್ಟು ಬರೀ ರಾಗ ಕೇಳ್ತೀನಿ ಅಂದ್ರೆ ಅರ್ಧ ಸಿಗುತ್ತೆ, ಆ ಅರ್ಧವೂ ದೊಡ್ಡದೇ. ಮೊದಲು ‘ವಿತ್ ಫುಟ್‌ನೋಟ್ಸ್’ ಹಾಕಿ, ಆಮೇಲೆ ‘ಇನ್ ದ ವಾಲ್ಯೂಮ್ ಆಫ್ ದ ಬುಕ್’. ಇವೆರಡು ಹಿಡಿಸಿದ್ರೆ 1977ರ ‘ಹೌ ದ ವೆಸ್ಟ್ ವಾಸ್ ಒನ್’ಗೆ ಹೋಗಿ, ಮೂರು ಎಲ್‌ಪಿಯ ದೊಡ್ಡ ಲೈವ್ ಆಲ್ಬಮ್ಮು, ಗಿಟಾರಿಗೆ ಫಿಲ್ ಕೇಗಿ ಇದಾರೆ. ಚಿಕ್ಕಂದಿನಲ್ಲೇ ಬಲಗೈ ನಡುಬೆರಳಲ್ಲಿ ಅರ್ಧ ಕಳ್ಕೊಂಡಿದ್ರೂ ಅಂಥಾ ಗಿಟಾರ್ ನುಡಿಸೋ ಮನುಷ್ಯ, ಅವರ ಬಗ್ಗೆ ಕೇಳಿ ಇನ್ನಿಬ್ಬರು ಬರೆದಿದೀರಿ, ಅದು ಮುಂದಿನ ಸಂಚಿಕೆಗೆ. 1980ರ ‘ದ ರೋರ್ ಆಫ್ ಲವ್’ ಮಕ್ಕಳಿರೋ ಮನೆಗೆ ಒಳ್ಳೇದು, ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಕಥೆ ಇಟ್ಕೊಂಡು ಕಟ್ಟಿದ್ದು. ಎಲ್ಲಾ ಒಂದೇ ದಿನ ಕೇಳೋಕೆ ಹೋಗ್ಬೇಡಿ, ಅಷ್ಟು ಎತ್ತರದ ದನಿ ಒಂದೇ ಸಮ ಕೇಳಿದ್ರೆ ಯಾರಿಗಾದ್ರೂ ಕಿವಿ ದಣಿಯುತ್ತೆ.